ಹಳೇ ರೇಟಿನ ಪ್ಯಾಕು

ಲಿಂಗಸುಗೂರು ಬಸ್‌ಸ್ಟ್ಯಾಂಡ್. ಈಗಷ್ಟೇ ಬದುಕಿನ ಮೊದಲ ಸಿಗರೇಟ್ ಪ್ಯಾಕು ಕೊಂಡು ಬಸ್ಸಿನಲ್ಲಿ ಕೂತಿದ್ದೇನೆ.

ತೆರಿಗೆ ಏರಿಸಿದರೆ ಯಾರೂ ಸಿಗರೇಟು ಬಿಡುವುದಿಲ್ಲ, ಬೈದುಕೊಂಡು ಹೆಚ್ಚು ಕೊಡುತ್ತಾರೆ ಅಷ್ಟೇ ಎಂದು ವಾದಿಸಿ ಕಾಲೇಜಿನ ಚರ್ಚಾಸ್ಪರ್ಧೆ ಗೆದ್ದವಳು ನಾನು. ಆದರೆ ನನ್ನ ಜೊತೆ ಹೊರಟ ಗೊರೇಬಾಳದ ಮಾಮ, ನಾಲ್ಕು ಮೆಟ್ಟಿಲು ಹತ್ತಿದರೆ ಕೆಮ್ಮಿ ಕೆಮ್ಮಿ ಕೂರುವ ಮಾಮ, ಹೊಸ ರೇಟಿಗೆ ಪ್ಯಾಕು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ತೆರಿಗೆ ಏರುವ ಮುಂಚಿನ ಬೆಲೆ ಅಚ್ಚಾದ ಹಳೇ ಪ್ಯಾಕೇ ಬೇಕಂತೆ. ಸಿಂಧನೂರಿನಲ್ಲಿ ಸಿಗಲಿಲ್ಲ. ಮಸ್ಕಿಯಲ್ಲೂ ಇಲ್ಲ. ಬೆಳಗಿನಿಂದ ಒಂದೂ ಸೇದಿಲ್ಲ! ನನ್ನ ವಾದ ಕಣ್ಣೆದುರೇ ಸೋಲುತ್ತಿತ್ತು, ನನಗೋ ಕುಣಿಯುವಷ್ಟು ಖುಷಿ.

ಇಲ್ಲಿನ ಪಾನ್‌ಶಾಪಿನವನೂ ಇಲ್ಲವೆಂದ. ಮಾಮ ತಿರುಗಿ ಎರಡು ಹೆಜ್ಜೆ ಇಟ್ಟಿದ್ದನಷ್ಟೇ.

"ಯಜಮಾನ್ರ, ನಿಂದರ್ರಿ! ಹಳೇದು ಒಂದು ಐತಿ ನೋಡ್ರಿ, ಡಬ್ಬಿ ತಳದಾಗ ಕುಂತಿತ್ತು."

ಮಾಮ ಕೈ ಚಾಚುವ ಮೊದಲೇ ನೋಟು ಕೊಟ್ಟು ನಾನು ಕಸಿದುಕೊಂಡೆ.

"ಏನ್ಬೇ, ನೀ ಸೇದಾಕಿ ಏನ?"

"ನಾ ಯಾಕ ಸೇದ್ಲಿ ಮಾಮಾ? ಹೊಸಾ ರೇಟಿನವು ಬೇಕಾದಷ್ಟು ಅದಾವಲ್ಲ, ತಗೋ."

"ಆ ರೇಟಿಗೆ? ಸತ್ರೂ ಇಲ್ಲ!"

ಅಂಗಡಿಯವ ನಕ್ಕ. "ಚಲೋ ಸೊಸಿ ಸಿಕ್ಕಾಳ್ರಿ ನಿಮಗ. ನನ್ನ ಗಿರಾಕಿ ಕಳದ್ಲು."

ಪಕ್ಕದ ಸೀಟಿನಲ್ಲಿ ಮಾಮ ಮುಖ ಊದಿಸಿಕೊಂಡು ಕೂತಿದ್ದಾನೆ, ಕಣ್ಣು ಮಾತ್ರ ನನ್ನ ಚೀಲದ ಮೇಲೆ. ಇದನ್ನು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಕೈ ಜಿಪ್ಪಿನ ಮೇಲಿದೆ.