ಫ್ರೀ ಬಸ್ಸು, ರೈಲು ಪಾಸು ಮತ್ತು ವಿಧಾನಸೌಧ

ಮದುವೆಯಾಗಿ ಮಾಲೂರಿಗೆ ಬಂದಾಗಿನಿಂದ ನನ್ನದು ಒಂದೇ ಹಟ: ವಿಧಾನಸೌಧವನ್ನು ಕಣ್ಣಾರೆ ನೋಡಬೇಕು. ಬೆಂಗಳೂರೇನು ನನಗೆ ಹೊಸದಲ್ಲ. ಅಲ್ಲಿನ ಆಸ್ಪತ್ರೆಗಳನ್ನೆಲ್ಲ ನೋಡಿದ್ದೇನೆ. ನಮ್ಮ ಯಜಮಾನರಂತೂ ದಿನವೂ ರೈಲಿನಲ್ಲಿ ವೈಟ್‌ಫೀಲ್ಡಿನ ಕಾರ್ಖಾನೆಗೆ ಹೋಗಿಬರುವವರು. ಕೆಲಸ ವೈಟ್‌ಫೀಲ್ಡಿನಲ್ಲಾದರೂ ಪಾಸು ಮಾತ್ರ ಬೆಂಗಳೂರಿನವರೆಗೆ, ಗತ್ತು ಬೇಕಲ್ಲ! "ವಿಧಾನಸೌಧ ಎಲ್ಲಿಗೆ ಓಡಿಹೋಗ್ತದೆ? ಇಲ್ಲೇ ಇದೆಯಲ್ಲೇ" ಅಂತ ಇಷ್ಟು ವರ್ಷ ತಳ್ಳಿದರು.

ಕೊನೆಗೆ ಗೌನಿಪಲ್ಲಿಯಿಂದ ಬಂದ ಅತ್ತೆಯೂ ನನ್ನ ಜೊತೆ ಸೇರಿಕೊಂಡರು. ಇಬ್ಬರ ಕಾಟ ತಾಳಲಾರದೆ ಯಜಮಾನರು ಯೋಜನೆ ಹಾಕಲು ಕೂತರು. ರಾಜ್ಯಕ್ಕೆ ಬಜೆಟ್ ಮಂಡಿಸುವವರೂ ಅಷ್ಟು ಯೋಚಿಸಲಿಕ್ಕಿಲ್ಲ.

"ನೋಡಮ್ಮ, ಹೆಂಗಸ್ರಿಗೆ ಬಸ್ ಫ್ರೀ. ನೀವಿಬ್ರೂ ಆಧಾರ್ ಹಿಡ್ಕೊಂಡು ಬಸ್ಸಲ್ಲಿ ಬನ್ನಿ. ನಂಗೆ ಪಾಸಿದೆ, ರೈಲಲ್ಲಿ ಬರ್ತೀನಿ. ಮೆಜೆಸ್ಟಿಕ್ಕಲ್ಲಿ ಸೇರೋಣ. ಊಟಕ್ಕೆ ಚಿತ್ರಾನ್ನ. ಖರ್ಚೇ ಇಲ್ಲ!"

"ಒಂದೇ ಮನೆಯವ್ರು ಒಂದೇ ಊರಿಗೆ ಎರಡು ದಾರೀಲಿ ಹೋಗೋದಾ?" ಅಂದೆ.

"ದುಡ್ಡಿನ ಬೆಲೆ ನಿಂಗೇನ್ ಗೊತ್ತು, ಸುಮ್ನಿರೇ."

ಭಾನುವಾರ ನಾವಿಬ್ಬರೂ ಮೆಜೆಸ್ಟಿಕ್ ತಲುಪಿ, ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕಾದೆವು. ಫೋನು ಬಂತು. ವೈಟ್‌ಫೀಲ್ಡ್ ಬರುತ್ತಲೇ ಯಜಮಾನರ ಕಾಲು ತಾನಾಗಿ ಇಳಿದುಬಿಟ್ಟಿದೆ! ಕಾರ್ಖಾನೆಯ ಗೇಟಿಗೆ ಬೀಗ ಕಂಡಮೇಲೆ ಜ್ಞಾನೋದಯವಾಗಿದೆ. "ಮುಂದಿನ ರೈಲು ಲೇಟಂತೆ ಕಣೇ. ಅಲ್ಲೇ ಕೂತಿರಿ." ನನಗೆ ಮೈಯೆಲ್ಲ ಉರಿದುಹೋಯಿತು. ಇವತ್ತೂ ಕೈತಪ್ಪಿತಲ್ಲ ಅಂತ ಅಳುವೇ ಬಂತು.

ಅತ್ತೆ ಸೆರಗು ಕೊಡವಿ ಎದ್ದರು. "ಪಾಸಿದ್ದೂ ಫೇಲಾದ್ನಲ್ಲೇ ನನ್ನ ಮಗ! ಪದವೇ, ಪೋದಾಂ." ಹೋಗೋಣ ನಡಿ ಅಂತ ತೆಲುಗಿನಲ್ಲಿ ಅಂದವರೇ, ಕಂಡಕ್ಟರನ್ನು ಕೇಳಿಕೊಂಡು ನನ್ನನ್ನು ಇನ್ನೊಂದು ಫ್ರೀ ಬಸ್ಸು ಹತ್ತಿಸಿದರು.

ನೋಡಿದೆ. ಅಬ್ಬಾ! ಗೇಟಿನ ಹೊರಗೆ ನಿಂತೇ ನೋಡಿದೆ, ಕತ್ತು ನೋಯುವಷ್ಟು. ಅತ್ತೆ ಮಾತ್ರ "ಇಷ್ಟು ಮೆಟ್ಲು ಯಾರು ಗುಡಿಸ್ತಾರೋ ಪಾಪ" ಅಂದರು. ಅಲ್ಲೇ ಎದುರಿಗೆ ಕೂತು ಮೂವರ ಚಿತ್ರಾನ್ನವನ್ನು ಇಬ್ಬರೇ ತಿಂದೆವು.

ಸಂಜೆ ಮನೆಯಲ್ಲಿ ಯಜಮಾನರು ನನ್ನ ಫೋನು ತೆಗೆದುಕೊಂಡು, ನಾನು ಹಿಡಿದುತಂದ ವಿಧಾನಸೌಧದ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಇಷ್ಟೊಂದು ದೊಡ್ಡದಾ ಇದು?" ಅಂತ ಬಾಯಿತಪ್ಪಿ ಅಂದುಬಿಟ್ಟರು. ದಿನಾ ಬೆಂಗಳೂರಿನ ಪಾಸು ಜೇಬಲ್ಲಿಟ್ಟುಕೊಂಡು ಓಡಾಡುವ ಮನುಷ್ಯ, ತಾವೇ ಒಮ್ಮೆಯೂ ನೋಡಿಲ್ಲ! ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು.

"ಬೇಜಾರ್ ಮಾಡ್ಕೋಬೇಡಿ, ಒಂದಿನ ನಾನೇ ಕರ್ಕೊಂಡ್ ಹೋಗಿ ತೋರಿಸ್ತೀನಿ. ಬಸ್ಸಲ್ಲಿ, ಜೊತೇಲಿ," ಅಂದೆ. "ಟಿಕೆಟ್ ಮಾತ್ರ ನೀವೇ ತಗೋಬೇಕು."