ಬಲೆಯ ಸೀಸ ತುಂಬಿದ ಬ್ಯಾಟು

ಅಂಗಳದಲ್ಲಿ ಮೀನು ಒಣಗಲು ಹಾಕಿದ ದಿನ ನಾನು ಒಂದು ಬ್ಯಾಟು ಹಿಡಿದು ಕೂರುತ್ತೇನೆ. ಕಾಗೆ ಹೆದರಲೆಂದು ಅಲ್ಲಾಡಿಸಿದರೆ ಒಳಗಿನ ಸೀಸದ ಗುಂಡುಗಳು ಗಲಗಲ ಎನ್ನುತ್ತವೆ. ಮೊಮ್ಮಗಳು ಸಾಫ್ಟ್‌ಬಾಲ್ ಆಡಬೇಕಾಗಿದ್ದ ಬ್ಯಾಟು ಕಾಗೆ ಕಾಯಲು ಬಂದದ್ದು ಹೇಗೆಂದು ನೀವು ಕೇಳದಿದ್ದರೂ ಹೇಳುತ್ತೇನೆ.

ಸೀಸ ತುಂಬಿಸಿದ್ದು ನನ್ನ ಮಗ ಲೋಕೇಶ, ಕುಂಬಳೆಯ ಕಡಲಲ್ಲಿ ಬಲೆ ಬೀಸಿ ಬದುಕಿದವನು. ತನ್ನ ಮಗಳು ದೀಕ್ಷಾ ಶಾಲೆಯ ತಂಡ ಸೇರಿದಾಗ ಲೋಹದ ಬ್ಯಾಟು ತಂದುಕೊಟ್ಟ. ಕೈಯಲ್ಲಿ ತೂಗಿ ನೋಡಿದರೆ ಅವನಿಗೆ ಸಮಾಧಾನವಿಲ್ಲ.

"ಇದ್ರಲ್ಲಿ ಎಂತ ಉಂಟಮ್ಮ, ಬರೀ ಪೊಳ್ಳು. ಸೀಸ ಕಟ್ಟದ ಬಲೆ ನೀರಲ್ಲಿ ನಿಲ್ತದಾ?"

ತುದಿಯ ಮುಚ್ಚಳ ಕಿತ್ತು, ಬಲೆಯ ಅಂಚಿಗೆ ಕಟ್ಟುವ ಗುಂಡುಗಳನ್ನು ಸುರಿದು, ಅಂಟು ಹಾಕಿ ಮುಚ್ಚಿದ. ದೋಣಿಯ ಹುಟ್ಟಿಗೆ ಸುತ್ತುವ ಹಾಗೆ ಹಿಡಿಗೆ ನೂಲು ಸುತ್ತಿದ. ಅವನು ಬಲ್ಲ ವಿದ್ಯೆ ಅದೊಂದೇ. ಆ ಮಳೆಗಾಲ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಅವನ ದೋಣಿ ಮಗುಚಿತು. ಚೆನ್ನಾಗಿ ಈಜುತ್ತಿದ್ದ, ಕಡಲಿಗೆ ಅದು ಲೆಕ್ಕವಲ್ಲ.

ಮುಂದೆ ಕಾಸರಗೋಡಿನಲ್ಲಿ ಪಂದ್ಯ. ಅಪ್ಪನ ಬ್ಯಾಟಿನಲ್ಲೇ ಆಡುತ್ತೇನೆಂದು ದೀಕ್ಷಾಳ ಹಟ. ಆಟಕ್ಕೆ ಮೊದಲು ಅಂಪೈರಮ್ಮ ಎಲ್ಲರ ಬ್ಯಾಟು ಪರೀಕ್ಷೆ ಮಾಡುತ್ತ ಬಂದರು. ನಮ್ಮದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬದಿಗಿಟ್ಟರು. ಸತ್ತುಹೋದ ಅಪ್ಪ ಮಾಡಿಕೊಟ್ಟದ್ದು ಎಂದು ನಾನೇ ಹೋಗಿ ಹೇಳಿದೆ.

"ಗೊತ್ತಾಯ್ತು ಅಜ್ಜಿ. ಆದ್ರೆ ಮುಚ್ಚಳ ಹಾರಿ ಸೀಸ ಚೆಲ್ಲಿದ್ರೆ ಎದುರಿದ್ದ ಮಗುವಿನ ಕಣ್ಣು ಹೋಗ್ತದೆ."

ಸೀಸ ತೆಗೆದರೂ, ಒಮ್ಮೆ ಬಿಚ್ಚಿದ ಬ್ಯಾಟು ಆಟಕ್ಕೆ ಸಲ್ಲುವುದಿಲ್ಲವಂತೆ. ಬೈಯಲು ತೆರೆದ ಬಾಯನ್ನು, ಚೆಂಡು ಎಸೆಯಲು ನಿಂತಿದ್ದ ಆಚೆ ತಂಡದ ಪುಟ್ಟ ಹುಡುಗಿಯನ್ನು ನೋಡಿ ಮುಚ್ಚಿದೆ. ಆ ಹೆಂಗಸು ಹೇಳಿದ್ದು ನ್ಯಾಯ.

ದೀಕ್ಷಾ ಗೆಳತಿಯ ಬ್ಯಾಟು ಹಿಡಿದು ಹೋದಳು. ಬೀಸಿದಳು. ಚೆಂಡು ಮೈದಾನದ ಗೋಡೆ ದಾಟಿತು. ಎಲ್ಲರೂ ಕುಣಿದರು. ಅವಳು ಸುತ್ತು ಓಡಿ ಬಂದು ನನ್ನ ಪಕ್ಕ ಕುಳಿತು ಬಿಕ್ಕಿದಳು.

"ಅಪ್ಪನದ್ದರಲ್ಲಿ ಒಮ್ಮೆಯೂ ಇಷ್ಟು ದೂರ ಹೋಗ್ಲಿಲ್ಲ ಅಜ್ಜಿ."

ಬದುಕಿದ್ದರೆ ಅವನು, ಹೌದಾ, ಹಾಗಾದರೆ ನನ್ನದೇ ತಪ್ಪು ಎಂದು ನಕ್ಕು, ಸೀಸವನ್ನು ಹೊರಗೆ ಸುರಿದು ಮರೆಯುತ್ತಿದ್ದ. ಬದುಕಿರುವವರ ತಪ್ಪು ನಾಲ್ಕು ದಿನದ್ದು; ಸತ್ತವರ ತಪ್ಪನ್ನು ತಿದ್ದಲು ಅವರೇ ಇಲ್ಲ, ಬಿಸಾಡಲು ನಮಗೆ ಕೈ ಬರುವುದಿಲ್ಲ. ಬದುಕಿಡೀ ಮೀನಿನ ಬುಟ್ಟಿ ಹೊತ್ತ ತಲೆ ನನ್ನದು, ಇಳಿಸಲಾಗದ ಹೊರೆ ಎಂದರೇನೆಂದು ಅಂದು ತಿಳಿಯಿತು.

ದೀಕ್ಷಾ ಈಗ ಹಗುರದ ಬ್ಯಾಟಿನಲ್ಲೇ ಆಡುತ್ತಾಳೆ, ಇದನ್ನು ಮುಟ್ಟುವುದಿಲ್ಲ. ಈ ಸದ್ದು ಕಾಗೆಗಳಿಗೂ ರೂಢಿಯಾಗಿದೆ, ಅವು ಪಕ್ಕದಲ್ಲೇ ಕುಳಿತು ಮೀನು ಎಳೆಯುತ್ತವೆ. ಆದರೂ ಅಲ್ಲಾಡಿಸುತ್ತೇನೆ.