ಅತ್ತಿಗೆ ಬೆಳೆಸಿದ ಹರಳು

ನಮ್ಮತ್ತಿಗೆಗೆ ಕಾಯೋದು ಅಂದರೆ ಆಗದ ಮಾತು. ಟೀ ಕುದಿಯುವ ಮೊದಲೇ ಸೋಸುತ್ತಾರೆ. ಫೋನಿನಲ್ಲಿ ನಾವು ಹಲೋ ಅನ್ನುವಷ್ಟರಲ್ಲಿ ವಿಷಯ ಮುಗಿಸಿ ಇಟ್ಟುಬಿಡುತ್ತಾರೆ. ನಮ್ಮಮ್ಮ ಈ ಸೊಸೆಗಿಟ್ಟ ಹೆಸರು ‘ಬಿರುಗಾಳಿ’. ಇಂಥವರಿಗೆ ಪ್ರಯೋಗಾಲಯದಲ್ಲಿ ಸಿಕ್ಕ ಕೆಲಸ, ಹರಳು ಬೆಳೆಸುವುದು.

ಮೈಯೆಲ್ಲ ಕಣ್ಣಿಗೆ ಕಾಣದ ತೂತುಗಳಿರುವ ಹರಳು ಅದು. ಗಾಳಿಯ ತೇವವನ್ನು ಒಳಗೆ ಹಿಡಿದಿಟ್ಟುಕೊಳ್ಳಬಲ್ಲದು. ಎರಡು ರಾಸಾಯನಿಕ ಬೆರೆಸಿದರೆ ಅವುಗಳ ಅಣುಗಳು ಜಾಲರಿಯ ಹಾಗೆ ಹೆಣೆದುಕೊಳ್ಳಬೇಕು. ಆದರೆ ಅವು ಒಂದರ ಮುಖ ಒಂದು ನೋಡಿದ್ದೇ ತಡ, ಹೇಗೆಂದರೆ ಹಾಗೆ ಅಂಟಿಕೊಂಡು ಪುಡಿಯಾಗುತ್ತಿದ್ದವು. ಪುಡಿಯನ್ನು ಎಕ್ಸ್-ರೇಗೆ ಹಿಡಿದರೆ ಒಳಗಿನ ರಚನೆ ಸರಿಯಾಗಿ ಕಾಣುವುದಿಲ್ಲ. ವರ್ಷಗಟ್ಟಲೆ ಪುಡಿಯೇ. “ನಿಮ್ಮ ಸ್ವಭಾವ ಬಾಟಲಿಗೂ ಹತ್ತಿದೆಯೇನಮ್ಮಾ” ಎಂದರು ಅವರ ಪ್ರೊಫೆಸರ್.

ಕೊನೆಗೆ ಮೂರನೆಯದೊಂದು ದ್ರವ ಸೇರಿಸಿ ನೋಡಿದರು. ಅದು ಅಣುಗಳ ನಡುವೆ ತೂರಿ, ತಪ್ಪಾಗಿ ಕೂಡಿದ್ದನ್ನು ಬಿಡಿಸಿ, ನಿಧಾನವಾಗಿ ಸರಿಯಾದ ಜಾಗದಲ್ಲಿ ಕೂರಲು ಬಿಡುತ್ತದೆ. ಆದರೆ ವಾರಗಟ್ಟಲೆ ಬಾಟಲಿ ಅಲುಗಾಡಬಾರದು. ಅತ್ತಿಗೆಗೆ ತಮ್ಮ ಮೇಲೇ ನಂಬಿಕೆಯಿರಲಿಲ್ಲ. ಬಾಟಲಿಯನ್ನು ಪ್ರಯೋಗಾಲಯದ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿ ತಂದು ಅಮ್ಮನ ಕೈಗೆ ಕೊಟ್ಟರು.

“ನಾನು ಅತ್ತು ಕರೆದರೂ ಕೊಡಬೇಡಿ, ಅತ್ತೆ.”

ವಾರ ಕಳೆಯುವಷ್ಟರಲ್ಲಿ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. “ಒಂದೇ ಒಂದು ಸಲ ನೋಡಿ ಬರ್ತೀನಿ.” ಅಮ್ಮ ಕರಗಿ ಕೀಲಿ ಕೊಟ್ಟುಬಿಟ್ಟರು. ಅತ್ತಿಗೆ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅಷ್ಟಕ್ಕೇ ಎಲ್ಲ ಕೆಟ್ಟು ಮತ್ತೆ ಪುಡಿಪುಡಿ.

ಅತ್ತಿಗೆಗಿಂತ ಅಮ್ಮನೇ ಹೆಚ್ಚು ನೊಂದುಕೊಂಡರು. “ಕೊಟ್ಟಿದ್ದು ನನ್ನದೇ ತಪ್ಪು. ಇನ್ನೊಂದು ಸಲ ಕೇಳಿ ನೋಡು, ಹೇಳ್ತೀನಿ.”

ಹೊಸ ಬಾಟಲಿ ಇಟ್ಟು ಮತ್ತೆ ಕೀಲಿ ಕೈಗೆ ಬಂದಾಗ ಅಮ್ಮ ಕಲ್ಲಾದರು. ಅತ್ತಿಗೆ ಬೇಡಿಕೊಂಡರು, ಮುನಿಸಿಕೊಂಡರು, ಊಟ ಬೇಡ ಅಂದರು. “ಹಸಿವಾದಾಗ ನೀನೇ ಬರ್ತೀಯ ಬಿಡು” ಎಂದು ಅಮ್ಮ ತಟ್ಟೆ ಮುಚ್ಚಿಟ್ಟರು.

ಬೀಗ ತೆಗೆಯುವ ದಿನ ಅತ್ತಿಗೆ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ತೆಗೆಯಲೇ ಇಲ್ಲ. ಅಮ್ಮ ಭುಜ ತಟ್ಟಿ “ನಂಗೂ ತೋರಿಸೇ” ಅಂದಮೇಲೆ ಜಾಗ ಬಿಟ್ಟರು. ಹಳದಿ ಹರಳುಗಳು, ಅಂಚು ತೀಡಿಟ್ಟ ಹಾಗೆ.

“ಇಷ್ಟು ಚಿಕ್ಕದಕ್ಕೆ ಅಷ್ಟೊಂದು ರಂಪಾಟವೇ?”

ಅತ್ತಿಗೆ ಅಮ್ಮನನ್ನು ತಬ್ಬಿಕೊಂಡು ಅತ್ತುಬಿಟ್ಟರು.

ಎಕ್ಸ್-ರೇಯಲ್ಲಿ ಒಂದೊಂದು ಪರಮಾಣುವಿನ ಜಾಗವೂ ಸ್ಪಷ್ಟವಾಗಿ ಬಂತು. ಪ್ರೊಫೆಸರ್ ತಾವೇ ಮನೆಗೆ ಫೋನ್ ಮಾಡಿ ಹೊಗಳಿದರು. ಸೊಸೆಗೆ ಏನು ಕೆಲಸ ಎಂದು ಪಕ್ಕದ ಮನೆಯವರು ಕೇಳಿದರೆ ಅಮ್ಮ ಈಗ ಹೇಳುವುದಿಷ್ಟು: “ನಾವಿಬ್ಬರೂ ಹರಳು ಬೆಳೆಸ್ತೀವಿ.”